ಬಾಗಿಲ ಮುಂದೆ ನಿಂತವರು

ಫೋಟೋ ತೆಗೆಯುವವರಿಗೆ ಕ್ಷಣವನ್ನು ಹಿಡಿದಿಡುವ ಹಂಬಲ ಯಾಕೆ ಅನ್ನುವುದು ಇವತ್ತಿನ ಮಾತು. ಬಾನುಲಿಯಲ್ಲಿ ಚಿತ್ರ ತೋರಿಸುವ ಹಾಗಿಲ್ಲ, ಹೇಳಿಯೇ ಕಾಣಿಸಬೇಕು. ಮೊದಲು ಹೇಳಬೇಕಾದ ಚಿತ್ರವನ್ನಂತೂ ಇವತ್ತು ಯಾರೂ ಯಾರಿಗೂ ತೋರಿಸಲಾರರು. 1841ರ ಮೇ ತಿಂಗಳಲ್ಲಿ ಸಿಡ್ನಿಯ ಬ್ರಿಜ್ ಸ್ಟ್ರೀಟಿನಲ್ಲಿ ಕ್ಯಾಪ್ಟನ್ ಲೂಕಾಸ್ ಎಂಬ ನಾವಿಕ, ಲೋಹದ ತಗಡಿನ ಮೇಲೆ ಚಿತ್ರ ಮೂಡಿಸುವ ಡಾಗೆರೋಟೈಪ್ ಯಂತ್ರವನ್ನು ಇಟ್ಟು ರಸ್ತೆಯ ಚಿತ್ರವೊಂದನ್ನು ತೆಗೆದ. ಆಸ್ಟ್ರೇಲಿಯಾದ ನೆಲದಲ್ಲಿ ತೆಗೆದ ಮೊದಲ ಛಾಯಾಚಿತ್ರ ಎಂದು ಚರಿತ್ರೆಯಲ್ಲಿ ದಾಖಲಾಗಿರುವುದು ಅದೇ. ಡಾಗೆರ್‌ನ ವಿಧಾನ ಪ್ಯಾರಿಸ್ಸಿನಲ್ಲಿ ಬಹಿರಂಗವಾಗಿ ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ. ಊರಿಗೆ ಊರೇ ಬೆರಗಾಗುವ ಸಂಗತಿ. ಪತ್ರಿಕೆಯಲ್ಲೂ ಸುದ್ದಿ ಬಂತು. ಸುದ್ದಿ ಉಳಿಯಿತು, ಚಿತ್ರ ಉಳಿಯಲಿಲ್ಲ. ಆ ತಗಡು ಎಲ್ಲಿ ಹೋಯಿತೋ, ಯಾರ ಕೈ ಸೇರಿತೋ ಪತ್ತೆಯಿಲ್ಲ. ಈ ದೇಶದಲ್ಲಿ ಉಳಿದುಬಂದಿರುವ ಅತ್ಯಂತ ಹಳೆಯ ಛಾಯಾಚಿತ್ರ ಅದಾಗಿ ನಾಲ್ಕು ವರ್ಷದ ನಂತರದ್ದು: 1845ರ ಸುಮಾರಿಗೆ ಜಾರ್ಜ್ ಗುಡ್‌ಮನ್ ತೆಗೆದ ಡಾಕ್ಟರ್ ವಿಲಿಯಂ ಬ್ಲಾಂಡ್ ಅವರ ಭಾವಚಿತ್ರ. ಅದು ನ್ಯೂ ಸೌತ್ ವೇಲ್ಸ್ ರಾಜ್ಯ ಗ್ರಂಥಾಲಯದಲ್ಲಿದೆ.

ನನ್ನ ವಾದ ಶುರುವಾಗುವುದು ಈ ಕಳೆದುಹೋದ ತಗಡಿನಿಂದಲೇ. ಕ್ಯಾಮೆರಾ ಕ್ಷಣವನ್ನು ಉಳಿಸುತ್ತದೆ ಎಂದು ನಾವು ರೂಢಿಯಲ್ಲಿ ಹೇಳುತ್ತೇವೆ. ಕ್ಯಾಮೆರಾ ಉಳಿಸುವುದಿಲ್ಲ, ಕೊಡುತ್ತದೆ. ಕೊಟ್ಟದ್ದನ್ನು ಇಸಿದುಕೊಂಡು ಜೋಪಾನ ಮಾಡುವ ಕೈ ಇನ್ನೊಂದು ಬೇಕು. ಫೋಟೋಗ್ರಾಫರನ ಸೆಳೆತವೂ ನನಗೆ ಅರ್ಥವಾಗುವುದು ಹೀಗೆ: ಗುಂಡಿ ಒತ್ತುವ ಹೊತ್ತಿಗೆ ಅವನ ಮನಸ್ಸಿನಲ್ಲಿ ಎದುರಿಗಿರುವ ಮುಖದ ಜೊತೆಗೆ, ಮುಂದೆಂದೋ ಆ ಮುಖವನ್ನು ನೋಡಲು ಬರುವ ಇನ್ನೊಬ್ಬರೂ ಇರುತ್ತಾರೆ. ಆ ಇನ್ನೊಬ್ಬರು ಅವನಿಗೆ ಗೊತ್ತಿಲ್ಲದವರು, ಇನ್ನೂ ಹುಟ್ಟದೇ ಇರುವವರೂ ಆಗಿರಬಹುದು. ಅವರ ಪರವಾಗಿ ಇವತ್ತು ಇಲ್ಲಿ ನಿಂತು ನೋಡುವ ಕೆಲಸ ತನ್ನದು ಎಂಬ ಭಾವನೆಯೇ ಅವನನ್ನು ಮತ್ತೆ ಮತ್ತೆ ಎಳೆಯುತ್ತದೆ. ಕಾಲವನ್ನು ನಿಲ್ಲಿಸುವ ಆಸೆ ಅದು ಎಂದರೆ ಅವನನ್ನು ಮಗು ಮಾಡಿದ ಹಾಗಾಗುತ್ತದೆ. ಕಾಲ ನಿಲ್ಲುವುದಿಲ್ಲ ಎಂದು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಅವನೇ. ಬಲ್ಲದ್ದರಿಂದಲೇ ಕ್ಯಾಮೆರಾ ಕೈಗೆತ್ತಿಕೊಳ್ಳುತ್ತಾನೆ. ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ತಮ್ಮ ಕನ್ನಡದ ನೆನಪುಗಳ ಪುಸ್ತಕಕ್ಕೆ ‘ಕಾಲಕ್ಕೆ ಕನ್ನಡಿ’ ಎಂದು ಹೆಸರಿಟ್ಟರು. ಅವರ ಮೇಲಿನ ಗೌರವದಿಂದಲೇ ಒಂದು ಮಾತು ಸೇರಿಸುತ್ತೇನೆ. ಕನ್ನಡಿಯ ಮುಂದಿನಿಂದ ನಾವು ಸರಿದರೆ ಕನ್ನಡಿಯಲ್ಲಿ ಏನೂ ಉಳಿಯುವುದಿಲ್ಲ. ಸತ್ಯನ್ ತೆಗೆದ ಚಿತ್ರಗಳಲ್ಲಿ ಉಳಿದಿದೆ. ಅವರು ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬು ನಿರ್ಮೂಲನದ ಕೆಲಸವನ್ನು ಹಳ್ಳಿಹಳ್ಳಿಗಳಲ್ಲಿ ಚಿತ್ರಿಸಿದರು. ಇವತ್ತು ಆ ರೋಗ ಭೂಮಿಯ ಮೇಲಿಲ್ಲ. ಒಂದು ರೋಗ ಮನುಷ್ಯನ ಮೈಮೇಲೆ ಹೇಗಿತ್ತು, ಅದನ್ನು ಓಡಿಸಿದವರು ಹೇಗೆ ನಡೆದರು ಎಂದು ನಾಳಿನ ವೈದ್ಯ ವಿದ್ಯಾರ್ಥಿ ನೋಡಬೇಕಾದರೆ ಅಂಥ ಚಿತ್ರಗಳ ಹತ್ತಿರವೇ ಹೋಗಬೇಕು.

ಈಗ ನಮ್ಮ ದಿ ಪಾಂಡ್ಸ್‌ಗೆ ಬರೋಣ. ಸಿಡ್ನಿಯ ನಡುಪೇಟೆಯಿಂದ ವಾಯವ್ಯಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿ, ಬ್ಲ್ಯಾಕ್‌ಟೌನ್ ನಗರಸಭೆಯ ವ್ಯಾಪ್ತಿಯಲ್ಲಿ, ಸೆಕೆಂಡ್ ಪಾಂಡ್ಸ್ ಎಂಬ ತೊರೆಯ ಆಚೀಚೆ ಎದ್ದ ಬಡಾವಣೆ. ಹಳ್ಳದ ಹೆಸರೇ ಊರಿಗೆ ಬಂತು. ತಲೆತಲಾಂತರದಿಂದ ದಾರುಗ್ ಜನರ ನೆಲ. ಆಮೇಲೆ ಹೊಲ, ಹುಲ್ಲುಗಾವಲು. 2007ರ ಆಸುಪಾಸಿನಿಂದ ಮನೆಗಳು. ಹೈಸ್ಕೂಲು ತೆರೆದದ್ದು 2015ರಲ್ಲಿ. ಪಕ್ಕದ ಟಲ್ಲಾವಾಂಗ್‌ಗೆ ಮೆಟ್ರೋ ರೈಲು ಬಂದದ್ದು 2019ರ ಮೇ ತಿಂಗಳಲ್ಲಿ. ಇಪ್ಪತ್ತು ವರ್ಷದ ಒಳಗೆ ಬಯಲು ಊರಾಯಿತು. ಹೀಗೆ ಒಂದೇ ತಲೆಮಾರಿನ ಕಣ್ಣೆದುರು ಊರು ಹುಟ್ಟುವುದು ನಮ್ಮ ಕಡೆ ಅಪರೂಪ. ಮೈಸೂರಿನಲ್ಲೋ ಧಾರವಾಡದಲ್ಲೋ ಹುಟ್ಟಿದವರಿಗೆ ಊರು ಮೊದಲೇ ಇರುತ್ತದೆ, ನಾವು ಆಮೇಲೆ ಬರುತ್ತೇವೆ. ಇಲ್ಲಿ ನಾವು ಮೊದಲು ಬಂದೆವು, ಊರು ಆಮೇಲೆ ಬಂತು. ಈ ವ್ಯತ್ಯಾಸ ಸಣ್ಣದಲ್ಲ.

ಇಲ್ಲಿನ ಕನ್ನಡ ಮನೆಗಳಲ್ಲಿ ಬಹುಶಃ ಎಲ್ಲರ ಹತ್ತಿರವೂ ಇರುವ ಒಂದು ಚಿತ್ರವನ್ನು ಮನಸ್ಸಿಗೆ ತಂದುಕೊಳ್ಳಿ. ಗೃಹಪ್ರವೇಶದ ದಿನ, ಮುಂಬಾಗಿಲ ಎದುರು. ಗಂಡ ಹೆಂಡತಿ, ಸೊಂಟದ ಮೇಲೊಂದು ಕೂಸು, ಊರಿನಿಂದ ಮೂರು ತಿಂಗಳ ವೀಸಾದಲ್ಲಿ ಬಂದ ಅಜ್ಜಿ. ಬಾಗಿಲಿಗೆ ತೋರಣ, ಹೊಸ್ತಿಲಿಗೆ ಅರಿಶಿನ ಕುಂಕುಮ, ಅಜ್ಜಿಯ ಕೈಯಲ್ಲಿ ಆರತಿ ತಟ್ಟೆ. ತೆಗೆದವರು ನೋಡಿದ್ದು ಇಷ್ಟನ್ನೇ. ಈಗ ಅದೇ ಚಿತ್ರದ ಅಂಚಿಗೆ ಬನ್ನಿ. ಅಂಗಳಕ್ಕೆ ಹಾಸಿದ ಹುಲ್ಲಿನ ಸುರುಳಿಗಳ ನಡುವಿನ ಗೆರೆ ಇನ್ನೂ ಕೂಡಿಲ್ಲ. ರಸ್ತೆಬದಿಯ ಸಸಿಗೆ ಎರಡೂ ಕಡೆ ಗೂಟ ನೆಟ್ಟು ಪಟ್ಟಿ ಕಟ್ಟಿದ್ದಾರೆ. ಪಕ್ಕದ ಸೈಟಿನಲ್ಲಿ ಮನೆಯ ಮರದ ಚೌಕಟ್ಟು ಎದ್ದಿದೆ, ಗೋಡೆ ಬಂದಿಲ್ಲ. ಆ ಚೌಕಟ್ಟಿನ ಸಂದಿಯಿಂದ ಆಚೆಗೆ ಬೇಲಿ, ಬೇಲಿಯಾಚೆ ಬರೀ ಬಯಲು, ಬಯಲಿನ ಕೊನೆಯಲ್ಲಿ ನೀಲಗಿರಿ ಜಾತಿಯ ಮರಗಳ ಸಾಲು. ಹದಿನೈದು ವರ್ಷ ಕಳೆದ ಮೇಲೆ ಮನೆಮಂದಿ ಆ ಚಿತ್ರ ತೆಗೆದು ನೋಡಿದರೆ ಮೊದಲು ಅಜ್ಜಿಯನ್ನು ನೋಡುತ್ತಾರೆ. ಎರಡನೆಯ ಸಲ ಕಣ್ಣು ಹೋಗುವುದು ಆ ಬಯಲಿಗೆ. ಅಲ್ಲೀಗ ಮನೆಗೆ ಮನೆ ಒತ್ತಿಕೊಂಡಿದೆ. ಫೋಟೋ ತೆಗೆದವರು ಬಯಲನ್ನು ತೆಗೆಯಲಿಲ್ಲ, ಬಯಲು ತಾನಾಗಿ ಬಂದು ಕೂತಿತು. ಛಾಯಾಚಿತ್ರದ ನಿಜವಾದ ಶಕ್ತಿ ಇಲ್ಲಿದೆ. ಚಿತ್ರಕಾರ ಬೇಕೆಂದದ್ದನ್ನು ಮಾತ್ರ ಬರೆಯುತ್ತಾನೆ. ನೆನಪು ಬೇಕಾದದ್ದನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಮಸೂರ ತನ್ನೆದುರಿಗೆ ಇದ್ದದ್ದನ್ನೆಲ್ಲ ತೆಗೆದುಕೊಳ್ಳುತ್ತದೆ, ಯಾವುದು ಮುಖ್ಯ ಎಂದು ಆರಿಸುವುದಿಲ್ಲ. ಆ ತೀರ್ಮಾನ ಆಮೇಲೆ ನೋಡುವವರಿಗೆ ಬಿಟ್ಟದ್ದು.

ಇದೇ ರಾಜ್ಯದಲ್ಲಿ ಇದನ್ನು ನೂರೈವತ್ತು ವರ್ಷಗಳ ಹಿಂದೆಯೇ ಅರಿತಿದ್ದ ಒಬ್ಬ ಮನುಷ್ಯನಿದ್ದ, ಬ್ಯೂಫಾಯ್ ಮರ್ಲಿನ್. ಬಾಥರ್ಸ್ಟ್ ಆಚೆಯ ಹಿಲ್ ಎಂಡ್ ಎಂಬಲ್ಲಿ ಚಿನ್ನ ಸಿಕ್ಕಿ ಜನ ಮುಗಿಬಿದ್ದಿದ್ದ ಕಾಲ. 1872ರಲ್ಲಿ ಮರ್ಲಿನ್ ತನ್ನ ಸಹಾಯಕ ಚಾರ್ಲ್ಸ್ ಬೇಲಿಸ್‌ನ ಜೊತೆ ಕುದುರೆಗಾಡಿಯಲ್ಲೇ ಕತ್ತಲೆಕೋಣೆ ಕಟ್ಟಿಕೊಂಡು ಆ ಊರಿಗೂ ಗಲ್ಗಾಂಗ್ ಎಂಬ ಇನ್ನೊಂದು ಊರಿಗೂ ಹೋದ. ಬೆಟ್ಟ, ಹೊಳೆ, ಸೂರ್ಯಾಸ್ತ ಹುಡುಕಲಿಲ್ಲ. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಒಂದೊಂದೇ ಮನೆ, ಒಂದೊಂದೇ ಅಂಗಡಿ ಬಿಡದೆ ತೆಗೆದ. ಮನೆಯವರು ಹೊರಗೆ ಬಂದು ಬಾಗಿಲ ಮುಂದೆ ನಿಂತರು. ಕನ್ನಡದಲ್ಲಿ ನಾವು ಫೋಟೋ ತೆಗೆಯುವುದು ಅನ್ನುತ್ತೇವೆ, ಹಾಗೆಯೇ ಫೋಟೋ ತೆಗೆಸಿಕೊಳ್ಳುವುದು ಎಂದೂ ಅನ್ನುತ್ತೇವೆ. ಆ ‘ತೆಗೆಸಿಕೊಳ್ಳುವುದು’ ಬಹಳ ಅರ್ಥವುಳ್ಳ ಮಾತು. ಕ್ಯಾಮೆರಾದ ಮುಂದೆ ನಿಂತವರು ಬರೀ ವಸ್ತುಗಳಲ್ಲ, ಆ ಕೆಲಸದ ಅರ್ಧ ಪಾಲುದಾರರು. ಹಿಲ್ ಎಂಡ್‌ನ ಕಮ್ಮಾರ, ಕಟುಕ, ಬ್ರೆಡ್ ಮಾರುವವನು, ಮರದ ತೊಗಟೆಯ ಸೂರಿನ ಗುಡಿಸಲಲ್ಲಿದ್ದ ಹೆಂಗಸು, ಎಲ್ಲರೂ ಫೋಟೋ ತೆಗೆಸಿಕೊಂಡರು. ದೂರದಲ್ಲಿರುವ ತಾಯಿಗೆ ನಾನಿಲ್ಲಿ ನೆಲೆಯಾಗಿದ್ದೇನೆ, ಇದು ನನ್ನ ಬಾಗಿಲು ಎಂದು ತೋರಿಸುವ ಆಸೆ ಅವರ ನಿಲುವಿನಲ್ಲಿ ಕಾಣುತ್ತದೆ. ದಿ ಪಾಂಡ್ಸ್‌ನ ಗೃಹಪ್ರವೇಶದ ಚಿತ್ರಕ್ಕೂ ಇದಕ್ಕೂ ಎಷ್ಟು ಹತ್ತಿರ ನೋಡಿ.

ಆ ಕೆಲಸದ ಕಷ್ಟವನ್ನೂ ಸ್ವಲ್ಪ ಹೇಳಬೇಕು. ಗಾಜಿನ ಹಲಗೆಯ ಮೇಲೆ ಕೊಲೋಡಿಯನ್ ಎಂಬ ಅಂಟುದ್ರವ ಹೊಯ್ದು, ನಾಲ್ಕೂ ಮೂಲೆಗೆ ಹರಿಯುವಂತೆ ಓರೆ ಮಾಡಿ, ಸಿಲ್ವರ್ ನೈಟ್ರೇಟಿನಲ್ಲಿ ಅದ್ದಿ, ಒದ್ದೆಯಿರುವಾಗಲೇ ಕ್ಯಾಮೆರಾಕ್ಕೆ ಹಾಕಿ, ಚಿತ್ರ ತೆಗೆದು, ಒಣಗುವ ಮೊದಲೇ ಗಾಡಿಯ ಕತ್ತಲೆಗೆ ಓಡಿ ತೊಳೆಯಬೇಕು. ಎಲ್ಲಕ್ಕೂ ಸೇರಿ ಹತ್ತು ನಿಮಿಷದ ಆಸುಪಾಸು. ಬಿಸಿಲು, ಧೂಳು, ನೊಣ. ನಿಂತವರು ಕೆಲವು ಸೆಕೆಂಡು ಅಲುಗಬಾರದು. ಅಲುಗಿದ ಮಗುವಿನ ಮುಖ, ಬಾಲವಾಡಿಸಿದ ನಾಯಿ ಹೊಗೆಯ ಹಾಗೆ ಕದಡಿಹೋಗುತ್ತವೆ. ಇಷ್ಟು ಪಾಡು ಪಟ್ಟು ಒಂದು ಮಾಮೂಲಿ ಗುಡಿಸಲಿನ ಚಿತ್ರ ತೆಗೆದದ್ದು ಯಾಕೆ? ಹೊಟ್ಟೆಪಾಡು ಇತ್ತು, ನಿಜ. ಮನೆಯವರಿಗೆ ಪ್ರತಿ ಮಾರಬೇಕಿತ್ತು. ಆದರೆ ಸಾಲು ಸಾಲಾಗಿ ಇಡೀ ಊರನ್ನೇ ತೆಗೆಯುವ ಹಟಕ್ಕೆ ಹೊಟ್ಟೆಪಾಡೊಂದೇ ಕಾರಣವಾಗಲಾರದು. ಚಿನ್ನದ ಊರು ಎಷ್ಟು ಬೇಗ ಏಳುತ್ತದೋ ಅಷ್ಟೇ ಬೇಗ ಬೀಳುತ್ತದೆ ಅನ್ನುವುದು ಆ ಕಾಲದವರಿಗೆಲ್ಲ ಗೊತ್ತಿತ್ತು. ಹಾಗೇ ಆಯಿತು. ಸಾವಿರಾರು ಜನರಿದ್ದ ಹಿಲ್ ಎಂಡ್‌ನಲ್ಲಿ ಈಗ ನೂರರ ಆಸುಪಾಸು ಜನ. ಮರ್ಲಿನ್ 1873ರಲ್ಲೇ ತೀರಿಕೊಂಡ. ಅವನಿಗೆ ಆಶ್ರಯ ಕೊಟ್ಟಿದ್ದ ಚಿನ್ನದ ಗಣಿಯ ಶ್ರೀಮಂತ ಬರ್ನಾರ್ಡ್ ಹೋಲ್ಟರ್‌ಮನ್ ಬೇಲಿಸ್‌ನ ಮೂಲಕ ಕೆಲಸ ಮುಂದುವರಿಸಿದ. 1875ರಲ್ಲಿ ಉತ್ತರ ಸಿಡ್ನಿಯ ತನ್ನ ಮನೆಯ ಗೋಪುರದಿಂದ ಇಡೀ ಬಂದರನ್ನು ಸುಮಾರು ಹತ್ತು ಮೀಟರ್ ಉದ್ದದ ಚಿತ್ರವಾಗಿಸಿ ಫಿಲಡೆಲ್ಫಿಯಾ, ಪ್ಯಾರಿಸ್ ಪ್ರದರ್ಶನಗಳಿಗೆ ಕಳಿಸಿದ. ಆಮೇಲೆ ಎಲ್ಲರೂ ಮರೆತರು. ಗಾಜಿನ ಹಲಗೆಗಳು ಪೆಟ್ಟಿಗೆಗಳಲ್ಲಿ ಕೂತವು. 1951ರಲ್ಲಿ ಸಿಡ್ನಿಯ ಚಾಟ್ಸ್‌ವುಡ್‌ನ ಒಂದು ಮನೆಯ ಹಿತ್ತಲಿನ ಶೆಡ್ಡಿನಲ್ಲಿ ಅವು ಸಿಕ್ಕಾಗ ಸುಮಾರು 3,500 ಹಲಗೆಗಳಿದ್ದವು. ಇವತ್ತು ರಾಜ್ಯ ಗ್ರಂಥಾಲಯದ ಹೆಮ್ಮೆಯ ಭಂಡಾರ ಅದು. ಗಾಜನ್ನು ಸ್ಕ್ಯಾನ್ ಮಾಡಿ ಹಿಗ್ಗಿಸಿದರೆ ಅಂಗಡಿಯ ಕಿಟಕಿಯೊಳಗಿನ ಸಾಮಾನು, ಗೋಡೆಗೆ ಅಂಟಿಸಿದ ಭಿತ್ತಿಪತ್ರದ ಅಕ್ಷರ ಕೂಡ ಓದಲು ಬರುತ್ತದೆ. ಅವನ್ನು ಮರ್ಲಿನ್‌ನೇ ಓದಿರಲಿಕ್ಕಿಲ್ಲ.

ಇಂಥದೇ ಕತೆ ನಮ್ಮ ಹಂಪಿಯದು. ಅದರಲ್ಲಿ ಮೆಲ್ಬರ್ನ್ ಕೂಡ ಬರುತ್ತದೆ ಎಂದು ಇಲ್ಲಿನ ಕನ್ನಡಿಗರಲ್ಲಿ ಹೆಚ್ಚು ಜನರಿಗೆ ತಿಳಿದಿಲ್ಲ. 1856ರಲ್ಲಿ ಮದರಾಸು ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯ ಅವಶೇಷಗಳನ್ನು ಮೇಣ ಹಚ್ಚಿದ ದೊಡ್ಡ ಕಾಗದದ ನೆಗೆಟಿವ್‌ಗಳ ಮೇಲೆ ಚಿತ್ರಿಸಿದ. ನೂರಿಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅವು ಹೆಚ್ಚು ಜನರ ಕಣ್ಣಿಗೆ ಬೀಳಲಿಲ್ಲ. ಬೆಳಕಿಗೆ ಬಂದ ಮೇಲೆ, 1983ರಲ್ಲಿ ಮೆಲ್ಬರ್ನಿನ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಹಂಪಿಗೆ ಹೋಗಿ, ಗ್ರೀನ್‌ಲಾ ಎಲ್ಲೆಲ್ಲಿ ಕ್ಯಾಮೆರಾ ಇಟ್ಟಿದ್ದನೋ ಅಲ್ಲಲ್ಲೇ ನಿಂತು ಅವೇ ನೋಟಗಳನ್ನು ಮತ್ತೆ ತೆಗೆದರು. ವಿಠ್ಠಲ ದೇವಾಲಯದ ಕಲ್ಲಿನ ತೇರು ನಮ್ಮೆಲ್ಲರಿಗೂ ಗೊತ್ತು. ಐವತ್ತು ರೂಪಾಯಿ ನೋಟಿನ ಮೇಲೂ ಇದೆ. ಗ್ರೀನ್‌ಲಾನ ಚಿತ್ರದಲ್ಲಿ ಆ ತೇರಿನ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವಿದೆ. ಆಮೇಲೆ ಅದನ್ನು ತೆಗೆದುಹಾಕಿದರು. ನೋಟಿನ ಮೇಲಿನ ತೇರಿಗೆ ಶಿಖರವಿಲ್ಲ. ತೇರು ಯಾವತ್ತೂ ಹೀಗೆಯೇ ಇತ್ತು ಎಂದು ನಾವು ನಂಬಿದ್ದೆವು. ಒಂದು ಕಾಗದ ಬಂದು ಇಲ್ಲ ಎಂದಿತು. ಗ್ರೀನ್‌ಲಾನಿಗೆ ಆ ಶಿಖರ ಹೋಗುತ್ತದೆಂದು ಗೊತ್ತಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ತೆಗೆದ, ಅಷ್ಟೆ. ನೂರಾರು ವರ್ಷ ನಿಂತ ಕಲ್ಲೂ ಬದಲಾಗುತ್ತದೆ ಎಂದಮೇಲೆ ಗೂಟಕ್ಕೆ ಕಟ್ಟಿದ ಸಸಿಯ ಮಾತೇನು.

ಫೋಟೋಗ್ರಾಫರರ ಲೋಕದಲ್ಲಿ ‘ನಿರ್ಣಾಯಕ ಕ್ಷಣ’ ಎಂಬ ಮಾತು ದೊಡ್ಡದು. ಫ್ರಾನ್ಸಿನ ಆನ್ರಿ ಕಾರ್ತಿಯೆ ಬ್ರೆಸ್ಸೋನ್ ಅವರ 1952ರ ಪುಸ್ತಕದ ಇಂಗ್ಲಿಷ್ ಹೆಸರಿನಿಂದ ಹಬ್ಬಿದ್ದು. ಎಲ್ಲ ಕೂಡಿ ಬರುವ ಆ ಒಂದು ನಿಮಿಷಾರ್ಧಕ್ಕೆ ಕಾಯುವುದೇ ಕಲೆ ಎಂಬ ಅರ್ಥದಲ್ಲಿ ಅದನ್ನು ಬಳಸುತ್ತಾರೆ. ಆ ಮಾತಿನಲ್ಲಿ ಕಲೆಯ ಸತ್ಯವಿದೆ, ಸೆಳೆತದ ಪೂರ್ತಿ ಕಾರಣವಿಲ್ಲ. ಅದೇ ಬ್ರೆಸ್ಸೋನ್ 1948ರ ಜನವರಿ 30ರಂದು ದಿಲ್ಲಿಯಲ್ಲಿ ಗಾಂಧೀಜಿಯನ್ನು ಕಂಡು ಹೊರಬಂದರು. ಸ್ವಲ್ಪ ಹೊತ್ತಿನಲ್ಲೇ ಗುಂಡು ಹಾರಿತು. ಯಾವ ಭೇಟಿ ಕೊನೆಯದು, ಯಾವ ಕ್ಷಣ ನಿರ್ಣಾಯಕ ಎಂದು ಅಷ್ಟು ದೊಡ್ಡ ಕಣ್ಣಿಗೂ ಮುಂಚೆ ತಿಳಿಯಲಿಲ್ಲ. ತಿಳಿಯುವುದಿಲ್ಲವಾದ್ದರಿಂದಲೇ ತೆಗೆಯುತ್ತಾ ಇರಬೇಕಾಗುತ್ತದೆ. ಈ ಅರಿವು ಬಿಟ್ಟು ಬಂದವರಿಗೆ ಬೇಗ ಬರುತ್ತದೆ ಎಂದು ನನ್ನ ಅನಿಸಿಕೆ. ಯುರೋಪಿನಿಂದ 1950ರಲ್ಲಿ ಮೆಲ್ಬರ್ನಿಗೆ ವಲಸೆ ಬಂದ ಮಾರ್ಕ್ ಸ್ಟ್ರಿಜಿಚ್, ಹಳೆಯ ಕಟ್ಟಡಗಳು ಒಂದೊಂದಾಗಿ ಉರುಳುತ್ತಿದ್ದ ವರ್ಷಗಳಲ್ಲಿ ಆ ನಗರದ ಬೀದಿಗಳನ್ನು ಬೆಳಕಿಗೆದುರಾಗಿ ನಿಂತು ಚಿತ್ರಿಸಿದರು. ಅಲ್ಲೇ ಹುಟ್ಟಿ ಬೆಳೆದವರಿಗೆ ಆ ಬೀದಿಗಳು ಎಂದಿಗೂ ಇರುವಂಥವು. ಒಂದು ಊರನ್ನು ಬೆನ್ನ ಹಿಂದೆ ಬಿಟ್ಟು ಬಂದವನಿಗೆ ಯಾವ ಬೀದಿಯೂ ಎಂದಿಗೂ ಇರುವುದಿಲ್ಲ ಎಂದು ಮೈಗೇ ಗೊತ್ತಿರುತ್ತದೆ. ಸಿಡ್ನಿ, ಮೆಲ್ಬರ್ನಿನ ನಮ್ಮ ಮನೆಗಳಲ್ಲಿ ರಾಜ್ಯೋತ್ಸವಕ್ಕೂ ಯುಗಾದಿಗೂ ಮಗುವಿನ ಅಕ್ಷರಾಭ್ಯಾಸಕ್ಕೂ ಕ್ಯಾಮೆರಾ ಏಳುವುದನ್ನು ಕೆಲವರು ಬಡಾಯಿ ಎನ್ನುತ್ತಾರೆ. ನಾನು ಹಾಗೆ ಎಣಿಸುವುದಿಲ್ಲ. ಊರಿನಲ್ಲಿರುವ ಅಜ್ಜಿಗೂ ಇಲ್ಲಿ ಹುಟ್ಟುವ ಮೊಮ್ಮಗುವಿಗೂ ನಡುವೆ ಭಾಷೆ ಕೂಡ ತೆಳುವಾಗುತ್ತಿರುವಾಗ, ಇಬ್ಬರೂ ಓದಬಲ್ಲ ಬರಹ ಚಿತ್ರವೊಂದೇ.

ಇದಕ್ಕೆ ಬರುವ ಆಕ್ಷೇಪಗಳು ಹಗುರವಾದವಲ್ಲ. ಮೊದಲನೆಯದು, ಕ್ಯಾಮೆರಾ ಹಿಡಿದವನು ಕ್ಷಣವನ್ನು ಬಾಳುವುದೇ ಇಲ್ಲ, ನೆನಪನ್ನು ಯಂತ್ರಕ್ಕೆ ಒಪ್ಪಿಸಿ ತಾನು ಖಾಲಿಯಾಗುತ್ತಾನೆ ಎಂಬುದು. ಇದಕ್ಕೆ ಪ್ರಯೋಗದ ಬೆಂಬಲವೂ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿಂಡಾ ಹೆಂಕೆಲ್ ವಿದ್ಯಾರ್ಥಿಗಳನ್ನು ಒಂದು ಕಲಾ ಸಂಗ್ರಹಾಲಯದಲ್ಲಿ ಸುತ್ತಾಡಿಸಿ, ಕೆಲವು ವಸ್ತುಗಳನ್ನು ಬರೀ ನೋಡಲು, ಕೆಲವನ್ನು ಫೋಟೋ ತೆಗೆಯಲು ಹೇಳಿದರು. ಫೋಟೋ ತೆಗೆದ ವಸ್ತುಗಳು ಮರುದಿನ ಕಡಿಮೆ ನೆನಪಿದ್ದವು. 2014ರಲ್ಲಿ ಪ್ರಕಟವಾದ ಈ ಅಧ್ಯಯನದ ಈ ಅರ್ಧವನ್ನು ಎಲ್ಲರೂ ಹೇಳುತ್ತಾರೆ. ಇನ್ನೊಂದು ಅರ್ಧ ಹೀಗಿದೆ: ವಸ್ತುವಿನ ಒಂದು ಭಾಗವನ್ನು ಹತ್ತಿರಕ್ಕೆ ತಂದುಕೊಂಡು ಚಿತ್ರ ತೆಗೆದವರಲ್ಲಿ ಆ ಕುಂದು ಕಾಣಲಿಲ್ಲ, ತೆಗೆಯದೆ ಬಿಟ್ಟ ಭಾಗವೂ ಅವರಿಗೆ ನೆನಪಿತ್ತು. ಅಂದರೆ ಕೆಡಿಸುವುದು ಕ್ಯಾಮೆರಾ ಅಲ್ಲ, ಗಮನವಿಲ್ಲದ ಕೈ. ಯಾವುದನ್ನು ಎಷ್ಟು ಹತ್ತಿರದಿಂದ ನೋಡಬೇಕು ಎಂದು ತೀರ್ಮಾನಿಸಿದವನು ನೋಡುವುದನ್ನು ಬಿಟ್ಟಿರುವುದಿಲ್ಲ, ಹೆಚ್ಚಿಸಿರುತ್ತಾನೆ. ಮರ್ಲಿನ್‌ಗೆ ಒಂದು ಬಾಗಿಲಿಗೆ ಹತ್ತು ನಿಮಿಷ ಬೇಕಿತ್ತು. ನಮಗೆ ಅಷ್ಟು ಬೇಡ, ಒಂದು ಉಸಿರಿನಷ್ಟು ಹೊತ್ತು ಕೊಟ್ಟರೆ ಸಾಕು. ಇನ್ನೊಂದು ಮಾತೂ ಇದೆ. ತೆಗೆದವನ ನೆನಪು ಸ್ವಲ್ಪ ಕುಗ್ಗಿದರೂ ತೆಗೆಯದೇ ಇದ್ದವರಿಗೆ, ಅಲ್ಲಿ ಇರದೇ ಇದ್ದವರಿಗೆ ಅದು ಸಿಗುತ್ತದೆ. ಮದುವೆಮನೆಯಲ್ಲಿ ಬಡಿಸುವವರು ಪಂಕ್ತಿಯಲ್ಲಿ ಕೂತು ಉಣ್ಣುವುದಿಲ್ಲ; ಅವರಿಗೆ ಮದುವೆ ಆಗಲೇ ಇಲ್ಲ ಎಂದು ಯಾರೂ ಹೇಳುವುದಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಕಟುವಾದದ್ದು. ಚಿತ್ರ ಸುಳ್ಳು ಹೇಳುತ್ತದೆ, ಅದು ಹೂಡಿದ ಆಟ ಎಂಬುದು. ಹೌದು, ಹೇಳುತ್ತದೆ. ನಾನು ಹೊಗಳಿದ ಭಂಡಾರದಲ್ಲೇ ಅತ್ಯಂತ ಪ್ರಸಿದ್ಧವಾದ ಚಿತ್ರ, 286 ಕಿಲೋ ತೂಕದ ಚಿನ್ನಭರಿತ ಬಂಡೆಯ ಮೇಲೆ ಕೈಯೂರಿ ನಿಂತ ಹೋಲ್ಟರ್‌ಮನ್, ಬೇರೆ ಬೇರೆ ಚಿತ್ರಗಳನ್ನು ಕೂಡಿಸಿ ಮಾಡಿದ್ದು. ಡೇವಿಡ್ ಮೂರ್ 1966ರಲ್ಲಿ ತೆಗೆದ, ವಲಸಿಗರು ಹಡಗಿನ ಕಟಕಟೆಗೆ ಒರಗಿ ಸಿಡ್ನಿಯನ್ನು ಆತಂಕದಿಂದ ನೋಡುತ್ತಿರುವ ಚಿತ್ರ ಈ ದೇಶದ ಶಾಲಾಪುಸ್ತಕಗಳವರೆಗೆ ಹೋಗಿದೆ. ಅದರಲ್ಲಿದ್ದ ಕೆಲವರು ವಲಸಿಗರೇ ಅಲ್ಲ, ರಜೆ ಮುಗಿಸಿ ಮನೆಗೆ ಮರಳುತ್ತಿದ್ದ ಸಿಡ್ನಿಯವರು ಎಂದು ಬಹಳ ವರ್ಷದ ಮೇಲೆ ತಿಳಿಯಿತು. ಎಲ್ಲಕ್ಕಿಂತ ದೊಡ್ಡ ಉದಾಹರಣೆ 1975ರ ಆಗಸ್ಟ್ 16ರದ್ದು. ಉತ್ತರ ಪ್ರಾಂತ್ಯದ ದಾಗುರಾಗುವಿನಲ್ಲಿ ಪ್ರಧಾನಿ ಗಾಫ್ ವಿಟ್ಲಾಮ್, ಒಂಬತ್ತು ವರ್ಷ ಹೋರಾಡಿದ ಗುರಿಂಜಿ ಜನರ ನಾಯಕ ವಿನ್ಸೆಂಟ್ ಲಿಂಗಿಯಾರಿಯ ಅಂಗೈಗೆ ಕೆಂಪು ಮಣ್ಣು ಸುರಿಯುವ ಚಿತ್ರ. ತೆಗೆದವರು ಮರ್ವಿನ್ ಬಿಷಪ್, ತಾವೂ ಮೂಲನಿವಾಸಿ ಸಮುದಾಯದವರು. ಮಣ್ಣು ಕೊಡುವ ವಿಧಿ ನಿಜಕ್ಕೂ ನಡೆದದ್ದು ಚಪ್ಪರದ ನೆರಳಿನಲ್ಲಿ. ಚಿತ್ರ ಮಬ್ಬಾಗುತ್ತದೆಂದು ಬಿಷಪ್ ಇಬ್ಬರನ್ನೂ ಹೊರಗೆ ಕರೆದು, ನೀಲಿ ಆಕಾಶದ ಕೆಳಗೆ ಇನ್ನೊಮ್ಮೆ ಮಾಡಿಸಿದರು. ಆದ್ದರಿಂದ ಆ ಚಿತ್ರ ಸುಳ್ಳೇ? ಆ ಮಣ್ಣು ನಿಜ, ಆ ಅಂಗೈ ನಿಜ, ನೆಲ ಮರಳಿದ್ದು ನಿಜ. ಮರುಮಾಡಿದ್ದನ್ನು ಬಿಷಪ್ ಮುಚ್ಚಿಡಲೂ ಇಲ್ಲ. ನಮ್ಮ ಮದುವೆಗಳಲ್ಲೂ ತಾಳಿ ಕಟ್ಟುವಾಗ ಫೋಟೋದವರು ಸ್ವಲ್ಪ ಈ ಕಡೆ ತಿರುಗಿ ಅನ್ನುತ್ತಾರೆ. ತಿರುಗಿದ್ದರಿಂದ ಮದುವೆ ಸುಳ್ಳಾಗುವುದಿಲ್ಲ. ಸುಳ್ಳು ಹುಟ್ಟುವುದು ಚಿತ್ರದ ಕೆಳಗೆ ಬರೆಯುವ ಸಾಲಿನಲ್ಲಿ, ಇಲ್ಲವೇ ಏನೂ ಬರೆಯದೆ ಬಿಡುವುದರಲ್ಲಿ. ಮೂರ್ ಅವರ ಹಡಗಿನಲ್ಲಿದ್ದವರ ಹೆಸರುಗಳನ್ನು ಅಂದೇ ಕೇಳಿ ಬರೆದಿದ್ದರೆ ಆ ಗೊಂದಲವೇ ಇರುತ್ತಿರಲಿಲ್ಲ.

ಮೂರನೆಯ ಆಕ್ಷೇಪದ ಮುಂದೆ ನಾನು ತಲೆಬಾಗುತ್ತೇನೆ. ಎಲ್ಲವನ್ನೂ ಉಳಿಸಬೇಕು ಅನ್ನುವುದು ಎಲ್ಲರ ಧರ್ಮವಲ್ಲ. ಇಲ್ಲಿನ ಟಿ.ವಿ. ಕಾರ್ಯಕ್ರಮಗಳ ಮೊದಲಿಗೆ, ತೀರಿಹೋದವರ ಚಿತ್ರ, ದನಿ ಇದರಲ್ಲಿ ಇರಬಹುದು ಎಂದು ಮೂಲನಿವಾಸಿಗಳಿಗೆ ಮುನ್ನೆಚ್ಚರಿಕೆ ಬರುವುದನ್ನು ನೀವೆಲ್ಲ ನೋಡಿದ್ದೀರಿ. ಅವರಲ್ಲಿ ಅನೇಕ ಸಮುದಾಯಗಳಲ್ಲಿ ಶೋಕದ ಕಾಲದಲ್ಲಿ ಸತ್ತವರ ಹೆಸರು ಹೇಳುವ ಹಾಗಿಲ್ಲ, ಚಿತ್ರ ನೋಡುವ ಹಾಗಿಲ್ಲ. ನಾವಾದರೋ ಸತ್ತ ಮರುದಿನವೇ ಪಟ ಹುಡುಕುತ್ತೇವೆ, ದೊಡ್ಡದು ಮಾಡಿಸಿ ಹಾರ ಹಾಕುತ್ತೇವೆ. ಎರಡೂ ಪ್ರೀತಿಯೇ. ಫೋಟೋ ತೆಗೆಸಿಕೊಂಡರೆ ಆಯುಸ್ಸು ಕಡಿಮೆ ಎಂದು ನಮ್ಮ ಹಳ್ಳಿಗಳ ಹಿರಿಯರು ಸೆರಗು ಮುಚ್ಚಿಕೊಂಡು ಒಳಗೆ ಹೋಗುತ್ತಿದ್ದ ಕಾಲವೂ ಇತ್ತು. ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕಿದರೆ ಅದರೊಳಗಿನ ಸರಿಯಾದ ಮಾತನ್ನೂ ಕಳೆದುಕೊಳ್ಳುತ್ತೇವೆ: ನನ್ನ ಮುಖ ನನ್ನದು, ಕೇಳಿ ತೆಗೆಯಿರಿ. ತೆಗೆಸಿಕೊಳ್ಳುವುದು ಎಂಬ ಕ್ರಿಯಾಪದದಲ್ಲಿ ಒಪ್ಪಿಗೆ ಅಡಗಿದೆ. ಒಪ್ಪಿಗೆಯಿಲ್ಲದೆ ಹಿಡಿದದ್ದಕ್ಕೆ ಪತ್ರಿಕೆಗಳ ‘ಸೆರೆಹಿಡಿದ ಚಿತ್ರ’ ಎಂಬ ಮಾತೇ ಸರಿಹೊಂದುತ್ತದೆ, ಅದು ಒಳ್ಳೆಯ ಅರ್ಥದಲ್ಲಲ್ಲ. ಮುಂದೆ ನೋಡುವವರ ಪರವಾಗಿ ನಿಂತವನು ಇವತ್ತು ಎದುರಿಗೆ ನಿಂತವರ ಮಾತನ್ನು ಮೀರಿದರೆ ಆ ಕೆಲಸಕ್ಕೆ ಇರುವ ಮರ್ಯಾದೆಯೇ ಹೋಗುತ್ತದೆ.

ಈಗ ಚಿತ್ರಗಳು ಅತಿಯಾಗಿವೆ, ಯಾರೂ ನೋಡುವುದಿಲ್ಲ ಎಂಬ ದೂರೂ ಇದೆ. ಅದಕ್ಕೆ ಉದ್ದದ ಉತ್ತರ ಬೇಡ. ಅತಿಯಾದದ್ದು ತೆಗೆಯುವುದು; ಇಡುವುದು ಹಿಂದಿಗಿಂತ ಕಡಿಮೆಯಾಗಿದೆ. ಚಾಟ್ಸ್‌ವುಡ್‌ನ ಶೆಡ್ಡಿನಲ್ಲಿ ಸಿಗುವ ತನಕ ಆ ಗಾಜು ಎಪ್ಪತ್ತು ವರ್ಷಕ್ಕೂ ಮೀರಿ ಯಾರ ಆರೈಕೆಯನ್ನೂ ಕೇಳದೆ ಕಾದಿತು. ನಮ್ಮ ಫೋನು ಅಷ್ಟು ಕಾಯುವುದಿಲ್ಲ. ಪಾಸ್‌ವರ್ಡ್ ಗೊತ್ತಿದ್ದವರು ಹೋದರೆ ಚಿತ್ರವೂ ಹೋಯಿತು. ಬ್ರಿಜ್ ಸ್ಟ್ರೀಟಿನ ತಗಡಿನ ಗತಿಯೇ ಅದಕ್ಕೂ.

ಆದ್ದರಿಂದ ದಿ ಪಾಂಡ್ಸ್‌ನ, ಅದರ ಸುತ್ತಿನ ಸ್ಕೋಫೀಲ್ಡ್ಸ್, ಕೆಲ್ಲಿವಿಲ್, ರೌಸ್ ಹಿಲ್‌ನ, ಅತ್ತ ಮೆಲ್ಬರ್ನಿನ ಹೊಸ ಬಡಾವಣೆಗಳ ಕನ್ನಡ ಮನೆಗಳಿಗೆಲ್ಲ ನನ್ನದೊಂದು ಬೇಡಿಕೆ. ಈ ಶನಿವಾರ ಫೋನು ತೆರೆದು, ಈ ಊರಿಗೆ ಬಂದ ಮೊದಲ ವರ್ಷದ ಚಿತ್ರಗಳಲ್ಲಿ ಹತ್ತನ್ನು ಆರಿಸಿ. ಮುಖ ಚೆನ್ನಾಗಿ ಬಂದದ್ದನ್ನಷ್ಟೇ ಆರಿಸಬೇಡಿ. ಹಿಂದುಗಡೆ ಬಯಲು ಕಂಡದ್ದು, ಅರ್ಧ ಎದ್ದ ಮನೆ ಕಂಡದ್ದು ಇರಲಿ. ಕಾಗದದ ಮೇಲೆ ಮುದ್ರಿಸಿ. ಹಿಂಬದಿಯಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಎಡದಿಂದ ಬಲಕ್ಕೆ ಯಾರ್‍ಯಾರು, ಯಾವ ಬೀದಿ, ಯಾವ ವರ್ಷ ಎಂದು ಬರೆಯಿರಿ. ಚಿತ್ರದಲ್ಲಿರುವವರು ಒಪ್ಪಿದರೆ ಒಂದು ಪ್ರತಿಯನ್ನು ನಿಮ್ಮ ಕನ್ನಡ ಸಂಘಕ್ಕೋ ನಗರಸಭೆಯ ಗ್ರಂಥಾಲಯಕ್ಕೋ ಕೊಡಿ. ಹೆಸರು ಬರೆಯುವ ಕೆಲಸವನ್ನು ಮಾತ್ರ ಮುಂದಕ್ಕೆ ಹಾಕಬೇಡಿ. ಮರ್ಲಿನ್‌ನ ಗಾಜುಗಳಲ್ಲಿ ಅಂಗಡಿಯ ಬೋರ್ಡು ಓದಬಹುದು, ಗೋಡೆಯ ಭಿತ್ತಿಪತ್ರ ಓದಬಹುದು. ಬಾಗಿಲ ಮುಂದೆ ನಿಂತ ಎಷ್ಟೋ ಜನರ ಹೆಸರು ಇವತ್ತಿಗೂ ಯಾರಿಗೂ ಗೊತ್ತಿಲ್ಲ.